ಮಾರಿ ಸುದ್ದ ಬರೋತನಕ

ಕುಕನೂರು
೨೧ ಜನವರಿ ೨೦೧೯

ಗಂಗಾವತಿಯ ನಿವೃತ್ತ ಶಿಕ್ಷಕಿಯೂ ನನ್ನ ಮಗ ಸುಭಾಷನ ಅತ್ತೆಯೂ ಆದ ಶ್ರೀಮತಿ ಗಾಳೆಮ್ಮ ಬೀಗತಿಯವರಿಗೆ,

ಕಸ್ತೂರೆಮ್ಮ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಮುಖ ನೋಡಿ ಖಾತ್ರಿ ಮಾಡಿಕೊಳ್ಳೋಣವೆಂದರೆ ತಾವು ಅದನ್ನು ತೋರಿಸಲಿಲ್ಲ.

ಯಲಬುರ್ಗಾ ಕೋರ್ಟಿನಲ್ಲಿ ಟೈಪು ಕುಟ್ಟಿ ಸವೆದ ಬೆರಳುಗಳಿವು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮೊನ್ನೆ ನಿಮ್ಮ ಮಗಳು, ಅಂದರೆ ನನ್ನ ಸೊಸೆ ಸುರೇಖಾಳ ಕುಬಸಕ್ಕೆ ನಮ್ಮ ಮನೆಗೆ ದಯಮಾಡಿಸಿದಿರಿ. ಹಸಿರು ಸೀರೆ, ಹಸಿರು ಬಳೆ ತಂದಿರಿ. ಸಂತೋಷ. ಆದರೆ ಹೊಸ್ತಿಲು ದಾಟುವ ಮೊದಲೇ ಸೆರಗನ್ನು ಗದ್ದದವರೆಗೆ ಎಳೆದುಕೊಂಡವರು ಮಗಳನ್ನು ಕರೆದುಕೊಂಡು ಮರಳಿ ಬಸ್ಸು ಹತ್ತುವವರೆಗೆ ಅದನ್ನು ಎತ್ತಲಿಲ್ಲ. ಬಸುರಿಯ ಕೆನ್ನೆಗೆ ಹಚ್ಚಬೇಕಾದ ಅರಿಷಿಣ ನನ್ನ ನಾದಿನಿಯ ಕೆನ್ನೆಗೆ ಹೋಯಿತು. ಆಕೆಗೆ ಮೊಮ್ಮಕ್ಕಳಿದ್ದಾರೆ. ಉಡಿಗೆ ಬೀಳಬೇಕಾದ ಕೊಬ್ಬರಿ ಬಟ್ಟಲು ನೆಲಕ್ಕೆ ಬಿದ್ದು ಉರುಳಿ ಎಮ್ಮೆಯ ಮುಂದೆ ನಿಂತಿತು. ಹೊರಡುವಾಗ ತಾವು ಎರಡೂ ಕೈ ಮುಗಿದು ಬಹಳ ವಿನಯದಿಂದ “ಬರ್ತೀನ್ರಿ” ಎಂದು ಹೇಳಿದ್ದು ನಮ್ಮ ಮನೆಯ ಫ್ರಿಜ್ಜಿಗೆ.

ಕಾರಣ ಇಬ್ಬರಿಗೂ ಗೊತ್ತು. ಮಕ್ಕಳ ಮದುವೆಯ ಆಲ್ಬಮ್ಮಿನಲ್ಲಿ ಹೆಣ್ಣಿನ ತಾಯಿಯ ಚಿತ್ರ ಒಂದೇ ಬಂದಿದೆ. ಅದರಲ್ಲಿ ನಿಮ್ಮ ಬಾಯಲ್ಲಿ ಅರ್ಧ ಹೋಳಿಗೆ, ಗದ್ದದ ಮೇಲೆ ತುಪ್ಪ, ಒಂದು ಕಣ್ಣು ಮುಚ್ಚಿದೆ. ಫೋಟೊದವನು ಅದನ್ನು ಪುಟದ ತುಂಬ ಹಿಗ್ಗಿಸಿ ಸುತ್ತಲೂ ಗುಲಾಬಿ ಬಳ್ಳಿ ಹಬ್ಬಿಸಿದ್ದಾನೆ. ಚಿತ್ರಗಳನ್ನು ಆರಿಸಿಕೊಟ್ಟವಳು ನಾನೇ. ಆಲ್ಬಮ್ಮು ಬಿಚ್ಚಿದ ದಿನ ನೀವು ಎದ್ದು ನಿಂತು, “ಇದರಾಗ ನನ್ನ ಮಾರಿ ಸುದ್ದ ಬರೋತನಕ ನಿನಗ ನನ್ನ ಮಾರಿ ತೋರಸಂಗಿಲ್ಲ, ಹುಲಿಗೆಮ್ಮನ ಆಣಿ!” ಎಂದಿರಿ. “ಸುದ್ದ” ಎಂದರೆ ನೆಟ್ಟಗೆ, ಇದ್ದದ್ದು ಇದ್ದ ಹಾಗೆ ಎಂದು ದಾಖಲಿಸಿಕೊಂಡು ನಾನು ನಕ್ಕೆ. ನೀವು ನಗಲಿಲ್ಲ.

ಈಗಿನ ಪ್ರಶ್ನೆ ಬೇರೆ. ಹೆರಿಗೆಯಾದ ಮೇಲೆ ನಿಮ್ಮ ಮನೆಯಲ್ಲಿ ತೊಟ್ಟಿಲು. ಆ ಕಡೆ ಒಬ್ಬ ಅಜ್ಜಿ, ಈ ಕಡೆ ಒಬ್ಬ ಅಜ್ಜಿ ನಿಂತು ಕೂಸನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ದಾಟಿಸಬೇಕು. ಮುಸುಕಿನೊಳಗಿಂದ ಕೈ ಚಾಚುವವರು ಕೊಬ್ಬರಿ ಬಟ್ಟಲಿನಂತೆಯೇ ಕೂಸನ್ನೂ ಬಿಟ್ಟರೆ? ಸುರೇಖಾ ಗಂಡನಿಗೆ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಾಳಂತೆ: “ಮುಸುಕು ಹಾಕ್ಕೊಂಡವ್ರ ಕೈಯಾಗ ನನ್ನ ಕೂಸು ಕೊಡಂಗಿಲ್ಲ. ಇಬ್ರೂ ಮಾರಿ ತೋರಿಸಿ ನಿಂದರ್ರಿ, ಇಲ್ಲಾಂದ್ರ ಇಬ್ರೂ ಬ್ಯಾಡ್ರಿ.”

ನೀವು ಫೋನು ಎತ್ತುವುದಿಲ್ಲ. ಆದ್ದರಿಂದ ಈ ಕಾಗದ.

ತಮ್ಮ ವಿಧೇಯ ಬೀಗತಿ,
ಕಸ್ತೂರೆಮ್ಮ


ಗಂಗಾವತಿ
೩೦ ಜನವರಿ ೨೦೧೯

ಬೀಗತಿ ಕಸ್ತೂರೆಮ್ಮನವರಿಗೆ,

ಕಾಗದ ಸೇರಿತು. ಕಾಗುಣಿತದ ತಪ್ಪು ಎರಡೇ ಸಿಕ್ಕವು, ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದೇನೆ.

ಫೋನು ಎತ್ತದಿರುವುದು ಸಿಟ್ಟಿನಿಂದಲ್ಲ, ಭಯದಿಂದ. ನನ್ನ ಹೆಬ್ಬೆರಳು ಎಲ್ಲಿ ಒತ್ತಿದರೂ ಅದು ವಿಡಿಯೊ ಆಗುತ್ತದೆ. ಹೋದ ತಿಂಗಳು ಗ್ಯಾಸಿನವನಿಗೆ ಫೋನು ಮಾಡಿದರೆ ಅವನು, “ಅಕ್ಕಾರ, ನಿಮ್ಮ ಕಿವಿಯೊಳಗಿನ ಹತ್ತಿ ಕಾಣಾಕತ್ತೈತ್ರಿ” ಎಂದ. ನಿಮಗೆ ಹಾಗೆ ಮುಖ ಕಂಡುಬಿಟ್ಟರೆ ಆಣೆಯ ಗತಿ? ಹುಲಿಗೆಮ್ಮ ನೆಟ್‌ವರ್ಕ್ ನೋಡಿ ಮಾಫಿ ಮಾಡುವವಳಲ್ಲ.

ಆಲ್ಬಮ್ಮಿನ ವಿಷಯ. ನಾನೇ ಫೋಟೊದವನ ಹತ್ತಿರ ಹೋಗಿದ್ದೆ. ಬೇರೆ ಒಂದಾದರೂ ಚಿತ್ರ ಕೊಡಪ್ಪ ಎಂದೆ. ಅವನ ಕಂಪ್ಯೂಟರು ಸತ್ತಿದೆಯಂತೆ, ಅದರೊಳಗೆ ನಮ್ಮ ಮದುವೆಯೂ ಇನ್ನೂ ಮೂವರ ಮದುವೆಯೂ ಸತ್ತಿವೆಯಂತೆ. ಈಗಿನ ಫೋಟೊ ಅಂಟಿಸಿದರೆ ಅದು ಮದುವೆಯ ಸೀರೆಯಲ್ಲ, ಮದುವೆಯ ದಿನದ ಮುಖವೂ ಅಲ್ಲ. ಹೀಗೆ ಯೋಚಿಸುತ್ತಾ ಕೂತಾಗ ಸುರೇಖಾ ಕಾಲು ಚಾಚಿಕೊಂಡು ತನ್ನ ಟ್ಯಾಬಿನಲ್ಲಿ ಸಾಲಿಯ ಹುಡುಗರಿಗೆ ಆನೆ ಬಿಡಿಸುತ್ತಿದ್ದಳು. ಗಾಜಿನ ಮೇಲೆ ಪೆನ್ನು ಆಡಿಸಿದರೆ ಬಣ್ಣ! ಕುಂಚವಿಲ್ಲ, ನೀರಿಲ್ಲ, ಸೀರೆಗೆ ಕಲೆಯಿಲ್ಲ. ಆನೆ ಬರುವುದಾದರೆ ಅದರ ಪಕ್ಕ ನಾನು ಯಾಕೆ ಬರಬಾರದು?

“ನನ್ನ ಮಾರಿ ನಾನ ಬರಕೊಂತೀನಿ,” ಎಂದೆ.

“ಅವ್ವಾ, ನಿನಗ ಸಾಲ್ಯಾಗ ಆಕಳಾ ಬರಿಯಾಕ ಬರ್ತಿದ್ದಿಲ್ಲ. ಹುಡುಗ್ರು ನಾಯಿ ಅಂತಿದ್ರಂತ.”

“ಆಕಳಾ ಬರಿಯಾಕ ಆಕಳಾ ಬಂದು ಎದುರಿಗೆ ಕುಂತಿತ್ತೇನು? ನನ್ನ ಮಾರಿ ನನ್ನ ಮುಂದ ಕನ್ನಡ್ಯಾಗ ಇರತೈತಿ.”

ಮೊದಲ ಪ್ರಯತ್ನವನ್ನು ಜಿಲಾನಸಾಬನ ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ ಇದರೊಂದಿಗೆ ಇಟ್ಟಿದ್ದೇನೆ. ಸಾಬರು ಬಹಳ ಹೊತ್ತು ನೋಡಿ, “ಕಾಣೆಯಾದವ್ರೇನ್ರಿ ಅಕ್ಕಾರ? ಕೆಳಗ ಫೋನ್ ನಂಬರ ಹಾಕಲೇನ್ರಿ?” ಎಂದರು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ “ಛಲೋ ಐತಿ” ಎಂದರು. ನಿಮ್ಮ ಅಭಿಪ್ರಾಯ ತಿಳಿಸುವುದು.

ಇತಿ,
ಗಾಳೆಮ್ಮ ವಿರುಪಣ್ಣ


ಕುಕನೂರು
೧೨ ಫೆಬ್ರವರಿ ೨೦೧೯

ಚಿತ್ರಗಾರ್ತಿ ಬೀಗತಿಯವರಿಗೆ,

ಸದರಿ ಚಿತ್ರವನ್ನು ಪರಿಶೀಲಿಸಲಾಯಿತು. ಮೊದಲು ಕುಂಬಳಕಾಯಿಗೆ ಕನ್ನಡಕ ಹಾಕಿದೆ ಎಂದುಕೊಂಡೆ. ಅನಂತರ ಕುಂಕುಮ ಕಂಡಿತು, ಅಮಾವಾಸ್ಯೆಗೆ ಒಡೆಯುವ ಕುಂಬಳಕಾಯಿ ಇರಬೇಕು ಎಂದುಕೊಂಡೆ. ಸುಭಾಷ ಮಾತ್ರ “ಅತ್ತಿ ಅಲ್ಲೇನವಾ?” ಎಂದ. ಮನೆಯ ಅಳಿಯ, ಹಾಗೆ ಅನ್ನಲೇಬೇಕು.

ಆದರೆ ಒಂದು ಕಾನೂನಿನ ತೊಡಕು. “ಮಾರಿ ತೋರಸಂಗಿಲ್ಲ” ಎಂದು ಆಣೆ ಇಟ್ಟವರು ಮಾರಿಯನ್ನೇ ಅಂಚೆಯಲ್ಲಿ ಕಳಿಸಿದರೆ ಆಣೆ ಮುರಿದಂತಲ್ಲವೇ? ಈ ಬಗ್ಗೆ ನಾನು ಬಹಳ ವಿಚಾರ ಮಾಡಿ, ಚಿತ್ರದಲ್ಲಿರುವ ವ್ಯಕ್ತಿ ತಾವಲ್ಲವಾದ್ದರಿಂದ ಆಣೆ ಭದ್ರವಾಗಿದೆ ಎಂಬ ನಿರ್ಣಯಕ್ಕೆ ಬಂದಿದ್ದೇನೆ. ಇದೇ ರೀತಿ ಬರೆಯುತ್ತಿದ್ದರೆ ಹುಲಿಗೆಮ್ಮನಿಂದ ತಮಗೆ ಯಾವ ಅಪಾಯವೂ ಇಲ್ಲ.

ಹಾಗೆಯೇ ಆಲ್ಬಮ್ಮಿಗೂ ಏನೂ ಪ್ರಯೋಜನವಿಲ್ಲ. ಬಿಡ್ರಿ ಇದನ್ನ. ಸುಮ್ಮನೆ ಸೆರಗು ಎತ್ತಿ ಬರ್ರಿ, ದೇವಿಗೆ ಉಡಿ ತುಂಬಿ ತಪ್ಪಾಯ್ತು ಅಂದರೆ ಆಯಿತು.

ಇಂತು,
ಕಸ್ತೂರೆಮ್ಮ


ಗಂಗಾವತಿ
೧ ಮಾರ್ಚ್ ೨೦೧೯

ಕಸ್ತೂರೆಮ್ಮನವರಿಗೆ,

ಬಿಡುವ ಮಾತೇ ಇಲ್ಲ. ಮೂವತ್ತು ವರ್ಷ ಒಂದನೆಯ ಇಯತ್ತೆ ಕಲಿಸಿದವಳು ನಾನು. “ಅ” ಬರೆಯಲಾರದ ಮಗುವಿಗೆ ಬಿಡು ಎಂದು ಒಮ್ಮೆಯೂ ಹೇಳಿಲ್ಲ. ಈಗ ನನಗೆ ನಾನೇ ಮಾಸ್ತರಿಣಿ. ದಿನಾ ಊಟವಾದ ಮೇಲೆ ಒಂದು ಮೂಗು, ಸಂಜೆ ದೀಪ ಹಚ್ಚಿದ ಮೇಲೆ ಎರಡು ಕಣ್ಣು. ಮೂಗು ಬಾರದೆ ಊಟವಿಲ್ಲವೆಂದು ಮೊದಲು ನೇಮ ಹಾಕಿಕೊಂಡಿದ್ದೆ. ನಾಲ್ಕೇ ದಿನಕ್ಕೆ ರಕ್ತದೊತ್ತಡದ ಡಾಕ್ಟರು ಆ ನೇಮ ಬಿಡಿಸಿದರು.

ಈ ಟ್ಯಾಬಿನ ಒಳಗಿನ ವ್ಯವಹಾರ ನಿಮಗೆ ಹೇಳಬೇಕು. ಚಿತ್ರ ಒಂದೇ ಹಾಳೆಯಲ್ಲ, ಪದರು ಪದರು. ಒಂದರಲ್ಲಿ ಮುಖ, ಅದರ ಮೇಲಿನದರಲ್ಲಿ ಕಣ್ಣು, ಅದರ ಮೇಲೆ ಕನ್ನಡಕ. ಯಾವ ಪದರು ಬೇಡವೋ ಅದನ್ನು ಮುಚ್ಚಿಡಬಹುದು. ನಾನು ತಪ್ಪಿ ಮುಖದ ಪದರನ್ನೇ ಮುಚ್ಚಿದೆ. ಕನ್ನಡಕ, ಮೂಗುತಿ, ಕುಂಕುಮ ಇಷ್ಟೇ ತೇಲುತ್ತಿದ್ದವು. ಹೆಸರಿಗೆ ತಕ್ಕಂತೆ ಬರೇ ಗಾಳಿ.

ಬಣ್ಣ ಹೀರುವ ಪಿಚಕಾರಿ ಒಂದಿದೆ. ಅದನ್ನು ಒತ್ತಿ ಎಲ್ಲಿ ಮುಟ್ಟಿದರೆ ಅಲ್ಲಿಯ ಬಣ್ಣ ಪೆನ್ನಿಗೆ ಬರುತ್ತದೆ ಎಂದು ಸುರೇಖಾ ಹೇಳಿದಳು. ನಾನು ಒತ್ತಿದೆ, ಪೆನ್ನನ್ನು ನನ್ನ ಕೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತೆ. ಹೀರಲು ಸ್ವಲ್ಪ ಹೊತ್ತು ಬೇಕಾಗುತ್ತದೆ ಎಂದುಕೊಂಡಿದ್ದೆ.

“ಅವ್ವಾ, ಏನ್ ಮಾಡಾಕತ್ತಿ?”

“ಸುಮ್ನಿರು, ಬಣ್ಣ ಏರಾಕತ್ತೈತಿ.”

“ಯವ್ವಾ! ಅದು ಚಿತ್ರದಾಗಿನ ಗಲ್ಲಕ್ಕ, ನಿನ್ನ ಗಲ್ಲಕ್ಕ ಅಲ್ಲ!” ಎಂದು ಆಕೆ ನಕ್ಕ ನಗುವಿಗೆ ಹೆರಿಗೆ ಅಲ್ಲೇ ಆಗಿಬಿಡುತ್ತದೋ ಎಂದು ನಮ್ಮ ಮನೆಯವರು ಮೊದಲ ಬಾರಿ ಪೇಪರು ಕೆಳಗಿಟ್ಟರು.

ಇನ್ನೊಂದು ಸೌಲಭ್ಯವಿದೆ. ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮಾಡಿದ್ದು ಮಾಡದಂತೆ ಆಗುತ್ತದೆ. ಇದು ಬಾಯಿಗೂ ಇದ್ದಿದ್ದರೆ... ಇರಲಿ. ಇಲ್ಲವಲ್ಲ.

ಎರಡನೆಯ ಚಿತ್ರ ಕಳಿಸಿದ್ದೇನೆ. ಮದುವೆಯ ದಿನದ ಇಳಕಲ್ ಸೀರೆಯಲ್ಲಿ.

ಗಾಳೆಮ್ಮ


ಕುಕನೂರು
೧೮ ಮಾರ್ಚ್ ೨೦೧೯

ಗಾಳೆಮ್ಮನವರೇ,

ಬಹಳ ಚೆಲುವಾದ ಹೆಣ್ಣುಮಗಳು. ನೆರೆಮನೆಯ ಹುಸೇನಬೀ ನೋಡಿ, “ಯಾರ ಮಗಳ್ರಿ? ನಮ್ಮ ಓಣ್ಯಾಗ ಒಬ್ಬ ಮೇಷ್ಟ್ರು ವರ ಅದಾನ” ಎಂದಳು. ಕೆನ್ನೆ ಮೊಸರಿನ ಕೆನೆಯ ಹಾಗಿದೆ. ಹಣೆಯಲ್ಲಿ ಒಂದು ಗೆರೆಯಿಲ್ಲ. ಸೀರೆಯ ಟೋಪಿನ ಸೆರಗು, ಆ ಕೆಂಪಿನ ಮೇಲಿನ ಬಿಳಿ ತೆನಿ, ಮಾತ್ರ ಅಗದೀ ಖರೇ ಬಂದಿದೆ, ಅದಕ್ಕೆ ಶಹಬ್ಬಾಸ್.

ಆದರೆ ಎಡಹುಬ್ಬಿನ ಗಾಯ ಎಲ್ಲಿ? ಕುಷ್ಟಗಿಯ ಹಾಸ್ಟೆಲ್ಲಿನಲ್ಲಿ ನಲ್ಲಿಯ ಕಟ್ಟೆ ಜಾರಿ ಬಿದ್ದದ್ದು ನೀವೋ ಅಥವಾ ಬೇರೆ ಯಾರಾದರೂ ಗಾಳೆಮ್ಮನೋ? ಅರಿಷಿಣ ಒತ್ತಿ ಹಿಡಿದವಳು ನಾನು. ಅದು ನಿಮ್ಮ ಹಣೆಯಲ್ಲಿದ್ದರೂ ಅರ್ಧ ನನ್ನದು. ಕೇಳದೆ ಅಳಿಸುವ ಹಕ್ಕು ನಿಮಗಿಲ್ಲ.

ಆ ಹಾಸ್ಟೆಲ್ಲು ನೆನಪಾಗಿ ಒಂದು ಸಂಜೆ ಅಡುಗೆ ಸೀಯಿತು. ಇಡೀ ಕಟ್ಟಡದಲ್ಲಿ ಒಂದು ಕನ್ನಡಿ ಇರಲಿಲ್ಲ. ವಾರ್ಡನ್ ಬಾಯಿಯವರಿಗೆ ಕನ್ನಡಿ ಕಂಡರೆ ಹುಡುಗೇರು ಕೆಡುತ್ತಾರೆಂಬ ಅಂಜಿಕೆ. ನಾನು ನಿಮ್ಮ ಎದುರಿಗೆ ಕೂತು ಬೈತಲೆ ತೆಗೆಯುತ್ತಿದ್ದೆ, ನೀವು ನನ್ನ ಎದುರಿಗೆ ಕೂತು ಕುಂಕುಮ ಇಡುತ್ತಿದ್ದಿರಿ. “ನಡುವ ಐತೇನ?” “ಎಡಕ್ಕ ಸರದೈತಿ.” “ಯಾರ ಎಡಕ್ಕ?” ಅಂತ ದಿನಾ ಜಗಳ, ದಿನಾ ಪ್ರಾರ್ಥನೆಗೆ ತಡ.

ಆಣೆ ಇನ್ನೂ ಭದ್ರವಾಗಿದೆ. ಚಿತ್ರದಲ್ಲಿರುವವಳು ತಾವಲ್ಲ.

ಕಸ್ತೂರೆಮ್ಮ


ಗಂಗಾವತಿ
೯ ಏಪ್ರಿಲ್ ೨೦೧೯

ಕಸ್ತೂರಿ,

ಸುಭಾಷನ ಫೋನಿನಿಂದ ನಿನಗೆ ಗೊತ್ತಾಗಿದೆ, ಆದರೂ ಬರೆಯುತ್ತೇನೆ. ಮೊಮ್ಮಗಳು. ಕಪ್ಪಗೆ, ತಲೆತುಂಬ ಕೂದಲು, ಅಳುವ ದನಿ ನಿನ್ನದೇ. ಸುರೇಖಾ ಆರಾಮ ಇದ್ದಾಳೆ. ಅವಸರದಲ್ಲಿ “ರಿ” ಹಚ್ಚುವುದು ಮರೆತೆ. ಕಾಗದ ಮತ್ತೆ ಬರೆಯುವಷ್ಟು ಪುರುಸೊತ್ತಿಲ್ಲ, ಹಾಗೆಯೇ ಓದಿಕೋ.

ಮುಂದಿನ ತಿಂಗಳ ಮೊದಲ ಐತವಾರ ತೊಟ್ಟಿಲು. ಸುರೇಖಾ ತನ್ನ ಮಾತು ಬದಲಿಸಿಲ್ಲ. ಬಾಣಂತಿ ಹೇಳಿದ ಮೇಲೆ ಮೇಲಿನ ಕೋರ್ಟೂ ಇಲ್ಲ. ನಾನು ನನ್ನ ಮಾತು ಬದಲಿಸುವುದಿಲ್ಲ. ಆದ್ದರಿಂದ ಬದಲಾಗಬೇಕಾದದ್ದು ಚಿತ್ರ.

ಎರಡನೆಯ ಚಿತ್ರದಲ್ಲಿ ನಾನು ಮೋಸ ಮಾಡಿದ್ದೆ ಎಂದು ನಿನಗೆ ಅನಿಸಿದರೆ ಅದು ಟ್ಯಾಬಿನ ಮೋಸ. ಬೆರಳಿನಿಂದ ಒರೆಸಿದಷ್ಟೂ ಚರ್ಮ ನುಣುಪಾಗುತ್ತದೆ, ಕೈ ನಿಲ್ಲುವುದಿಲ್ಲ. ಈ ಸಲ ಒರೆಸುವ ಗುಂಡಿ ಮುಟ್ಟಿಲ್ಲ. ಗೋಡೆಯ ಕನ್ನಡಿ ಇಳಿಸಿ ಎದುರಿಗೆ ಇಟ್ಟುಕೊಂಡೆ, ಕಂಡದ್ದನ್ನು ಕಂಡ ಹಾಗೆ ಬರೆದೆ. ಹುಬ್ಬಿನ ಗಾಯ, ಗದ್ದದ ಮೇಲಿನ ಒಂಟಿ ಕೂದಲು, ಒಂದು ಕಡೆ ಹೆಚ್ಚು ಏರುವ ತುಟಿ. ಬಾಯಿ ಮುಚ್ಚಿದೆ, ಒಳಗೆ ಏನೂ ಇಲ್ಲ. ಸುರೇಖಾ ಕೂಸಿಗೆ ಹಾಲು ಕುಡಿಸುತ್ತಲೇ ನೋಡಿ, “ಅವ್ವಾ, ಇದರ ಮ್ಯಾಲೆ ಕೈ ಹಚ್ಚಬ್ಯಾಡ” ಎಂದಳು. ಜಿಲಾನಸಾಬರು ಈ ಸಲ ಫೋನ್ ನಂಬರು ಕೇಳಲಿಲ್ಲ, “ನೀವ್ರಿ” ಎಂದರು.

ಇದರಲ್ಲಿ ನನ್ನ ಮುಖ ಇಲ್ಲದಿದ್ದರೆ ಇನ್ನು ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಗಾಳೆಮ್ಮ


ಕುಕನೂರು
೧೭ ಏಪ್ರಿಲ್ ೨೦೧೯

ಗಾಳೀ,

ನೀನೇ “ರಿ” ಕಿತ್ತು ಹಾಕಿದ ಮೇಲೆ ನನ್ನದೇನು.

ಉತ್ತರ ತಡವಾಯಿತು. ಚಿತ್ರವನ್ನು ಊಟದ ಮನೆಯಲ್ಲಿ ಗೋಡೆಗೆ ಆನಿಸಿ ಇಟ್ಟುಕೊಂಡು ದಿನಾ ಅದರ ಎದುರೇ ಉಂಡೆ. ಎಲ್ಲ ಇದೆ. ಗಾಯ ಇದೆ, ಒಂಟಿ ಕೂದಲು ಇದೆ, ಮೂಗುತಿ ಇದೆ. ಸುಭಾಷ ಬಂದವನೇ “ಅತ್ತಿ!” ಎಂದು ಎದ್ದು ನಿಂತ. ಆದರೂ ನನಗೆ ನೀನು ಸಿಗಲಿಲ್ಲ. ನಿನ್ನ ಸುದ್ದಿಯೆಲ್ಲ ತಿಳಿದ ಯಾರೋ ಬೇರೆ ಊರಿನವಳು ನಿನ್ನ ಸೀರೆ ಉಟ್ಟು ಬಂದು ಕೂತ ಹಾಗಿತ್ತು. ಸುಳ್ಳು ಹೇಳಿ “ಹೌದು, ನೀನೇ” ಎಂದು ಬರೆಯಬಹುದಿತ್ತು. ತೊಟ್ಟಿಲೂ ಸುಸೂತ್ರವಾಗುತ್ತಿತ್ತು. ಎರಡು ಸಲ ಪೆನ್ನು ಹಿಡಿದೆ, ಆಗಲಿಲ್ಲ. ಆಣೆ ನಿನ್ನದು, ಆದರೆ ಗುರುತು ಹಿಡಿಯುವ ಕೆಲಸ ನನ್ನದು ತಾನೇ?

ನಿನ್ನೆ ಕಸ ಹೊಡೆಯುವಾಗ ಚಿತ್ರವನ್ನು ಎತ್ತಿ, ಮುಖ ಹೊರಗೆ ಮಾಡಿ ಎದೆಗೆ ಒತ್ತಿ ಹಿಡಿದು ಕನ್ನಡಿಯ ಮುಂದೆ ಹಾದೆ. ಹಾದವಳು ಹಿಂದಕ್ಕೆ ಬಂದೆ. ಕನ್ನಡಿಯೊಳಗೆ ನೀನಿದ್ದೆ. ಖರೇ ಹೇಳುತ್ತೇನೆ, ಕಸಬರಿಗೆ ಕೈಯಿಂದ ಬಿತ್ತು. ನೀನೇ, ಕುಷ್ಟಗಿಯವಳು, “ಯಾರ ಎಡಕ್ಕ?” ಎಂದು ಜಗಳ ತೆಗೆಯುವ ಮುಖ.

ಮಾಸ್ತರಿಣಿ, ನೀನು ಕನ್ನಡಿ ನೋಡಿ ಬರೆದಿದ್ದೀ. ಎಲ್ಲ ಉಲ್ಟಾ! ನಿನ್ನ ಎಡಹುಬ್ಬಿನ ಗಾಯ ಎದುರು ಕೂತವಳ ಬಲಗೈ ಕಡೆ ಇರಬೇಕು. ಮೂಗುತಿ ನನ್ನ ಎಡಗೈ ಕಡೆ. ನೀನು ಬರೆದದ್ದು ನಿನಗೆ ಕಾಣುವ ಗಾಳೆಮ್ಮ. ಆಕೆಯನ್ನು ನಾನು ಯಾವತ್ತೂ ನೋಡಿಲ್ಲ. ನನ್ನ ಎದುರಿಗೆ ಕೂತಿದ್ದವಳನ್ನು ಬರೆ.

ದಿನ ಕಡಿಮೆ ಇವೆ. ಬೇಗ.

ಕಸ್ತೂರಿ


ಗಂಗಾವತಿ
೨೩ ಏಪ್ರಿಲ್ ೨೦೧೯

ಕಸ್ತೂರಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಹೊಸದಾಗಿ ಬರೆಯಲು ಇನ್ನೊಂದು ತಿಂಗಳು ಬೇಕು ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಸುರೇಖಾ ಒಂದು ಕೈಯಲ್ಲಿ ಕೂಸು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಟ್ಯಾಬಿನ ಒಂದು ಮೂಲೆ ಒತ್ತಿದಳು. ಚಿತ್ರ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮಗುಚಿತು. ಮೂರು ತಿಂಗಳು ಆ ಗುಂಡಿ ಅಲ್ಲೇ ಇತ್ತು. ಹೇಳಬಾರದೇನೇ ಎಂದರೆ, “ನೀ ಕೇಳಿದ್ದಿಲ್ಲ” ಎಂದಳು.

ಈಗ ನಡೆದದ್ದು ಕೇಳು. ಮಗುಚಿದ ಮೇಲೆ ನಾನು ಅದರಲ್ಲಿ ಇರಲಿಲ್ಲ. ಮೂಗು ಸೊಟ್ಟ, ಒಂದು ಕಣ್ಣು ಕೆಳಗೆ, ತುಟಿ ಎತ್ತಲೋ ಏರಿದೆ. ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಸಾಲಿಗೂ ಸಂತೆಗೂ ತಿರುಗಿದೆನೇ ಎಂದು ಹೆದರಿಕೆಯಾಯಿತು.

“ಇದ್ಯಾರಽ?” ಎಂದೆ.

“ನೀನ. ಈಗ ಖರೇ ನೀನ,” ಎಂದಳು ಸುರೇಖಾ.

ನಮ್ಮ ಮನೆಯವರನ್ನು ಕೇಳಿದೆ. ಛಲೋ ಐತಿ ಎಂದರು. ಅವರು ಮೊದಲನೆಯ ಕುಂಬಳಕಾಯಿಗೂ ಹಾಗೆಯೇ ಅಂದಿದ್ದರು.

ಒಂದು ಗೆರೆಯನ್ನೂ ಬದಲಿಸದೆ ಕಳಿಸಿದ್ದೇನೆ. ಕುಂಕುಮ ಮಾತ್ರ ಒಂದು ಕೂದಲೆಳೆ ಸರಿಸಿದೆ. ಮಗುಚಿದಾಗ ಗೊತ್ತಾಯಿತು, ಅದು ಅತ್ತ ಸರಿದಿತ್ತು. ಹಾಸ್ಟೆಲ್ಲು ಬಿಟ್ಟ ಮೇಲೆ ಅದು ನಡುವೆ ಇದ್ದದ್ದೇ ಇಲ್ಲವೇನೋ.

ನನಗೆ ಗುರುತು ಸಿಗದ ಮುಖವನ್ನು ನಿನ್ನ ನಂಬಿಕೆಯ ಮೇಲೆ ಕಳಿಸುತ್ತಿದ್ದೇನೆ. ಆಲ್ಬಮ್ಮಿಗೆ ಅಂಟಿಸುವುದೋ ಬಿಡುವುದೋ ನೀನು ಹೇಳು. ನೀನು ಅಲ್ಲ ಎಂದರೆ ನಾಳೆಯಿಂದ ಮತ್ತೆ ಒಂದು ಮೂಗು, ಎರಡು ಕಣ್ಣು.

ಗಾಳಿ


ಕುಕನೂರು
೨೯ ಏಪ್ರಿಲ್ ೨೦೧೯

ಗಾಳೀ,

ಆದೇಶ. ಸದರಿ ಆಲ್ಬಮ್ಮಿನಲ್ಲಿ ಸದರಿ ಗಾಳೆಮ್ಮಳ ಮಾರಿ ಈ ದಿನ ಸುದ್ದ ಬಂದಿರುತ್ತದೆ. ಆಣೆ ಈಡೇರಿದೆ, ಮುಸುಕನ್ನು ರದ್ದು ಮಾಡಲಾಗಿದೆ. ಖರ್ಚು ಅವರವರದು.

ನಾನೇ ಅಂಟಿಸಿದೆ. ಹೋಳಿಗೆಯ ಪುಟವನ್ನು ಕಿತ್ತು ಹಾಕಬೇಕೆಂದು ಕತ್ತರಿ ತಂದಿದ್ದೆ. ಕೈ ಬರಲಿಲ್ಲ. ಫೋಟೊದವನು ಅಂದು ನಿನ್ನದು ಇನ್ನೂ ಮೂರು ಚಿತ್ರ ತೋರಿಸಿದ್ದ. ಮೂರರಲ್ಲೂ ಸಾಲಿಯ ತಪಾಸಣೆಗೆ ಸಾಹೇಬರು ಬಂದ ಹಾಗೆ ಬಿಗಿದುಕೊಂಡು ನಿಂತಿದ್ದೀ. ಹೋಳಿಗೆಯದರಲ್ಲಿ ಮಾತ್ರ ಬಾಯಿ ತುಂಬಿದ್ದರೂ ನಗುತ್ತಿದ್ದೀ. ಆಗ ನಿನ್ನ ಎದುರಿನ ಎಲೆಯಲ್ಲಿ ಉಣ್ಣುತ್ತಿದ್ದವಳು ನಾನು. ಏನು ಹೇಳಿ ನಗಿಸಿದ್ದೆ ಎಂಬುದು ನೆನಪಿಲ್ಲ.

ಆದ್ದರಿಂದ ಅದೂ ಇರಲಿ, ಇದೂ ಇರಲಿ. ಈಗ ಆಲ್ಬಮ್ಮು ಬಿಚ್ಚಿದರೆ ಈ ಪುಟದಲ್ಲಿ ಹೋಳಿಗೆ, ಎದುರು ಪುಟದಲ್ಲಿ ಗಾಳಿ. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಇನ್ನೊಂದು ಆಣೆ ಇಡುವ ಮೊದಲು ತಿಳಿಸು.

ಐತವಾರ ಮೊದಲ ಬಸ್ಸಿಗೆ ಬರುತ್ತೇನೆ. ಆಲ್ಬಮ್ಮು ತರುತ್ತೇನೆ. ತೊಟ್ಟಿಲಿನ ಆ ಕಡೆ ನಿಲ್ಲುವ ಜಾಗ ಯಾರಿಗೂ ಕೊಡಬೇಡ.

ಕಸ್ತೂರಿ


ಗಂಗಾವತಿ
೨ ಮೇ ೨೦೧೯

ಕಸ್ತೂರಿ,

ಕಾರ್ಡಿನಲ್ಲಿ ಜಾಗ ಕಡಿಮೆ. ಹೋಳಿಗೆ ಇರಲಿ. ತೊಟ್ಟಿಲಿಗೂ ಹೋಳಿಗೆಯೇ ಮಾಡಿಸಿದ್ದೇನೆ, ಈ ಸಲ ಫೋಟೊದವನನ್ನು ಕರೆದಿಲ್ಲ.

ಎರಡನೆಯ ಬಸ್ಸಿಗಲ್ಲ, ಮೊದಲನೆಯದಕ್ಕೇ ಬಾ. ಕಾರ್ಯ ಶುರುವಾಗುವ ಮೊದಲು ನನ್ನ ಎದುರಿಗೆ ಕೂತು ಕುಂಕುಮ ನಡುವೆ ಇದೆಯೋ ಇಲ್ಲವೋ ಹೇಳಬೇಕು. ಕನ್ನಡಿಯ ಮೇಲೆ ನನಗೆ ಈಗ ನಂಬಿಕೆಯಿಲ್ಲ, ನಮ್ಮ ಮನೆಯವರು ಛಲೋ ಐತಿ ಅಂತಾರ.

ಗಾಳಿ